ಮಳೆಗೊಬ್ಬ, ಬಿಸಿಲಿಗೊಬ್ಬಳು

ಅವಳ ಎಡಗೈಯಲ್ಲಿರುವ ಹೂಬುಟ್ಟಿ ಒಂದು ಕಡಲೆಬೇಳೆಯಷ್ಟಿದೆ. ಅದರೊಳಗೆ ಕೆಂಪು ಚುಕ್ಕೆಗಳು. ಹೂವೆಂದು ನಾವೇ ತಿಳಿದುಕೊಳ್ಳಬೇಕು. ನೀಲಿ ಲಂಗ, ಬಿಳಿಯ ಏಪ್ರನ್, ಮೂಗು ಎಂದು ಒಪ್ಪಿಕೊಳ್ಳಬಹುದಾದ ಒಂದು ಗುಲಾಬಿ ಬಿಂದು. ಬಿಸಿಲಿದ್ದರೆ ಬಲಬಾಗಿಲಿನಿಂದ ಹೊರಗೆ ಬಂದು ನಿಲ್ಲುತ್ತಾಳೆ. ಮಳೆಯ ಸುಳಿವು ಸಿಕ್ಕರೆ ತಾನು ಒಳಗೆ ಸರಿದು, ಎಡಬಾಗಿಲಿನಿಂದ ಕೊಡೆ ಹಿಡಿದ ಗಂಡನನ್ನು ಕಳಿಸುತ್ತಾಳೆ.

ಏಪೆಕ್ಸ್‌ನಲ್ಲಿರುವ ನನ್ನ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಅಂಗೈಯಗಲದ ಈ ಮರದ ಮನೆ ತೂಗುತ್ತಿದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಈ ಊರಿನ ಬೇಸಿಗೆಯ ಜಿಗುಟು ಸೆಕೆಯಲ್ಲಿ ಆ ಗಂಡನಿಗೆ ಬಿಡುವೇ ಇಲ್ಲ. ಏಸಿ ಹಾಕಿದರೆ ಅವಳಿಗೆ ಆಸೆ ಹುಟ್ಟಿ ಸ್ವಲ್ಪ ಇಣುಕುತ್ತಾಳೆ. ಅಷ್ಟರಲ್ಲಿ ನಾನು ಕುಕ್ಕರ್ ಇಡುತ್ತೇನೆ. ಸೀಟಿ ಕೂಗಿ ಕಿಟಕಿಯ ಗಾಜು ಬೆವರಿದ ಮೇಲೆ, ಹೊರಗೆ ಬಿಸಿಲು ಸುರಿಯುತ್ತಿದ್ದರೂ, ಕೊಡೆಯವನು ಕರ್ತವ್ಯಕ್ಕೆ ಹಾಜರು. ಹವೆ ಹೇಗಿದೆ ಎಂದು ತಿಳಿಯಲು ನಾನು ಫೋನ್ ನೋಡುತ್ತೇನೆ. ಅನ್ನ ಆಯಿತೇ ಎಂದು ತಿಳಿಯಲು ಇವರನ್ನು.

ಇದು ನ್ಯೂರೆಂಬರ್ಗ್‌ನಿಂದ ಬಂದದ್ದು. ಜರ್ಮನಿಯ ಹಳೆಯ ಊರು, ಗೊಂಬೆಗಳಿಗೂ ಆಟಿಕೆಗಳಿಗೂ ಹೆಸರಾದದ್ದು. ಅಲ್ಲಿಗೆ ನಾನು ಹೋದದ್ದು ಆಫೀಸಿನ ಕೆಲಸಕ್ಕೆ. ಅಮ್ಮನನ್ನು ಅಲ್ಲಿಗೆ ಕರೆಸಿಕೊಂಡದ್ದು ಮಾತ್ರ ನನ್ನ ಸ್ವಂತ ಕೆಲಸಕ್ಕೆ. ಆ ಸ್ವಂತ ಕೆಲಸ ಏನೆಂದು ಹೇಳಬೇಕಾದರೆ ಮೊದಲು ನಮ್ಮ ಮನೆಯ ಖಾಲಿ ಗೋಡೆಯ ಬಗ್ಗೆ ಹೇಳಬೇಕು.

ಏಪೆಕ್ಸ್‌ನಲ್ಲಿ ಒಂದು ಸಣ್ಣ ಟೌನ್‌ಹೋಮ್ ಕೊಂಡಾಗ ಹಾಲಿನ ಪೂರ್ವದ ಗೋಡೆಗೆ ನಾನು ಏನನ್ನೂ ತಾಗಿಸಲಿಲ್ಲ. ಬಂದವರೆಲ್ಲ ಅಲ್ಲಿ ಟಿವಿ ಬರುತ್ತದೆಯೇ ಎಂದು ಕೇಳುತ್ತಿದ್ದರು. ನೋಡೋಣ ಎನ್ನುತ್ತಿದ್ದೆ. ಅದು ದಸರಾ ಗೊಂಬೆಗಳ ಗೋಡೆ ಎಂದು ಯಾರಿಗೂ ಹೇಳಿರಲಿಲ್ಲ. ಮದುವೆಯಾಗದವಳು, ಒಬ್ಬಳೇ ಇರುವವಳು, ಗೊಂಬೆ ಕೂರಿಸುತ್ತೇನೆ ಎಂದರೆ ಕೇಳಿದವರ ಮುಖದಲ್ಲಿ ಮೂಡುವ ಕರುಣೆಯನ್ನು ನೋಡುವ ಶಕ್ತಿ ನನಗಿಲ್ಲ. ನಮ್ಮ ಕಡೆ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ, ತವರಿನಿಂದ ಮದುವೆಯಲ್ಲಿ ಬರಬೇಕು. ಅವರಿಲ್ಲದೆ ಮೇಲಿನ ಮೆಟ್ಟಿಲು ಖಾಲಿ. ಮೇಲಿನ ಮೆಟ್ಟಿಲು ಖಾಲಿಯಿದ್ದರೆ ಉಳಿದದ್ದೆಲ್ಲ ಬರೀ ಆಟಿಕೆ ಅಂಗಡಿ.

ಏಪೆಕ್ಸ್‌ನ ನವರಾತ್ರಿಯನ್ನು ನೀವು ನೋಡಬೇಕು. ಶನಿವಾರ ಸಂಜೆ ರೇಷ್ಮೆ ಸೀರೆಯುಟ್ಟು, ಕಾರಿನಲ್ಲಿ ಜಿಪಿಎಸ್ ಹಾಕಿಕೊಂಡು, ಒಂದೇ ತರಹದ ಬೀದಿಗಳಲ್ಲಿ ಒಂದೇ ತರಹದ ಮನೆಗಳನ್ನು ಹುಡುಕಿ ಹೋಗುತ್ತೇವೆ. ಗಣೇಶನ ಪಕ್ಕದಲ್ಲಿ ಲಿಬರ್ಟಿ ಪ್ರತಿಮೆ ಇರುತ್ತದೆ, ಕೆಳಗಿನ ಮೆಟ್ಟಿಲಿನಲ್ಲಿ ಮಕ್ಕಳ ಡೈನೋಸಾರು. ಹೊರಡುವಾಗ ಜಿಪ್‌ಲಾಕ್ ಚೀಲದಲ್ಲಿ ಕಡಲೆಕಾಳಿನ ಉಸಲಿ. ಎರಡು ಬೀದಿ ಆಚೆಯ ಸುಮಾ ಆಂಟಿ ಪ್ರತಿ ವರ್ಷ ಬಾಗಿಲಲ್ಲೇ ಹಿಡಿದುಕೊಳ್ಳುತ್ತಾರೆ.

"ವಿದ್ಯಾ, ನೀನೂ ಸ್ಟಾರ್ಟ್ ಮಾಡೇ. ರಾಜಾ ರಾಣಿ ಆನ್‌ಲೈನ್‌ನಲ್ಲಿ ಸಿಗತ್ತೆ, ಟೂ ಡೇಸಲ್ಲಿ ಮನೆಗೇ ಬರತ್ತೆ."

"ನೋಡೋಣ ಆಂಟಿ."

"ಇವಳದು ಯಾವಾಗ್ಲೂ ನೋಡೋಣ. ನೋಡ್ತಾನೇ ಇರು."

ಅವರ ಪುಟ್ಟ ಮಗಳು ನನ್ನನ್ನು ಕನಿಕರದಿಂದ ನೋಡಿ, "ಯೂ ಕ್ಯಾನ್ ಟೇಕ್ ಮೈ ಡೈನೋಸಾರ್, ಅಕ್ಕಾ" ಎಂದಳು. ನನಗೆ ಬೇಕಾದದ್ದಕ್ಕೆ ಸ್ವಲ್ಪವಾದರೂ ಹತ್ತಿರ ಬಂದ ಸಹಾಯ ಅದೊಂದೇ.

ನನಗೆ ಆನ್‌ಲೈನ್ ರಾಜ ರಾಣಿ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಗೊಂಬೆಗಳೂ ಅಷ್ಟಾಗಿ ಬೇಕಿರಲಿಲ್ಲ. ಗೊಂಬೆ ಕೂರಿಸುವ ಅಮ್ಮ ಬೇಕಿತ್ತು.

ಮೈಸೂರಿನ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ಕೆಳಗಿಳಿಯುವ ದಿನವೇ ನನಗೆ ಹಬ್ಬ. ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟ ಗೊಂಬೆಗಳು, ನುಸಿಗುಳಿಗೆಯ ವಾಸನೆ. ಬಿಚ್ಚುವವರೆಗೂ ಒಳಗೆ ಯಾರಿದ್ದಾರೆ ಎಂದು ಗೊತ್ತಿರುತ್ತಿರಲಿಲ್ಲ. ಅಮ್ಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವರು. ಗೊಂಬೆಗಳ ವಿಷಯದಲ್ಲಿ ಮಾತ್ರ ಭೂಗೋಳವೂ ಇತಿಹಾಸವೂ ಅವರಿಗೆ ಲೆಕ್ಕಕ್ಕಿಲ್ಲ. ಅರಮನೆಗಿಂತ ದೊಡ್ಡ ಮೊಲ, ಅಂಗಡಿಯ ಶೆಟ್ಟಿಯ ಎದುರು ಸಾಲುಗಟ್ಟಿ ನಿಂತ ಪ್ಲಾಸ್ಟಿಕ್ಕಿನ ಕ್ರಿಕೆಟ್ ತಂಡ. ರಾಗಿ ಮೊಳಕೆಯ ಪಾರ್ಕಿನಲ್ಲಿ ಕನ್ನಡಿಯ ತುಂಡೊಂದು ಕೆರೆ. ಆ ಕೆರೆಯಲ್ಲಿ ಬಗ್ಗಿ ನೋಡಿದರೆ ನನ್ನ ಒಂದು ಕಣ್ಣು ಕಾಣುತ್ತಿತ್ತು. ಆ ಒಂದು ಕಣ್ಣನ್ನು ನೋಡುತ್ತಾ ಎಷ್ಟೋ ಹೊತ್ತು ಕೂತಿರುತ್ತಿದ್ದೆ. ಈಗಲೂ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡಿ ನಾನು ಕೂರುವ ರೀತಿ ಅದೇ.

ಅಪ್ಪ ಹೋದ ಮೇಲೆ ಅಮ್ಮ ಆ ಪೆಟ್ಟಿಗೆ ಇಳಿಸಲಿಲ್ಲ. ಕೂರಿಸಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗೊಂಬೆ ಆರತಿಗೂ ಅರಿಸಿನ ಕುಂಕುಮಕ್ಕೂ ಕರೆಯಲು ಬರುವ ಹೆಂಗಸರು ನಮ್ಮ ಗೇಟನ್ನು ದಾಟಿ ಪಕ್ಕದ ಮನೆಗೆ ಹೋದರು, ಅಷ್ಟೆ. ಅಮ್ಮ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಅವರು ಹೋಗುವುದನ್ನು ನೋಡಿದರಂತೆ. ಇದನ್ನು ನನಗೆ ಅವರು ಫೋನಿನಲ್ಲಿ ಸೊಪ್ಪಿನ ಸುದ್ದಿಯ ನಡುವೆ ಹೇಳಿದರು. ನಾನೂ ಸೊಪ್ಪಿನ ಬಗ್ಗೆಯೇ ಕೇಳಿದೆ. ನಮ್ಮ ಮನೆಯಲ್ಲಿ ಹಾಗೆ.

ಆ ವರ್ಷ ಅವರು ಏಪೆಕ್ಸ್‌ಗೆ ಬರುವುದು ದಸರೆಯ ಹೊತ್ತಿಗೇ ಕೂಡಿ ಬಂತು. ಬಹಳ ಧೈರ್ಯ ಮಾಡಿ, "ಪಟ್ಟದ ಗೊಂಬೆ ತಗೊಂಡು ಬಾಮ್ಮ, ಇಲ್ಲೇ ಕೂರಿಸು" ಎಂದೆ.

"ನೋಡೋಣ" ಎಂದರು.

ನನ್ನ 'ನೋಡೋಣ' ಎಲ್ಲಿಂದ ಬಂತು ಎಂದು ಈಗ ನಿಮಗೆ ತಿಳಿದಿರಬಹುದು. ಅದಕ್ಕೆ ನಮ್ಮಲ್ಲಿ ಇಲ್ಲ ಎಂದರ್ಥ.

ಒಬ್ಬರೇ ಅಷ್ಟು ದೂರ ಹಾರಲು ಅವರಿಗೆ ಹೆದರಿಕೆ. ಅದಕ್ಕೆ ನಡುದಾರಿಯಲ್ಲಿ ಜರ್ಮನಿಯಲ್ಲಿ ಸೇರಿಕೊಂಡು, ನನ್ನ ಕೆಲಸ ಮುಗಿದ ಮೇಲೆ ಸ್ವಲ್ಪ ಸುತ್ತಾಡಿ, ಒಟ್ಟಿಗೆ ಏಪೆಕ್ಸ್‌ಗೆ ಹೋಗುವುದೆಂದು ನಿಶ್ಚಯವಾಯಿತು. ನ್ಯೂರೆಂಬರ್ಗ್‌ನ ಹೋಟೆಲಿನಲ್ಲಿ ಅವರು ಸೂಟ್‌ಕೇಸ್ ಬಿಚ್ಚಿದಾಗ ನಾನು ನೋಡದವಳಂತೆ ನೋಡಿದೆ. ಚಟ್ನಿಪುಡಿ, ಸಾರಿನಪುಡಿ, ನನಗೊಂದು ಸ್ವೆಟರ್, ನನ್ನಲ್ಲಿರುವಂಥದ್ದೇ ಒಂದು ಲಟ್ಟಣಿಗೆ. ರಾಜ ರಾಣಿ ಇರಲಿಲ್ಲ.

"ಅವು ಪೆಟ್ಟಿಗೇಲೇ ಇರ್ಲಿ ಬಿಡು" ಎಂದರು, ನಾನು ಕೇಳದಿದ್ದರೂ. "ತೂಕ."

ಲಟ್ಟಣಿಗೆಗೆ ತೂಕವಿರಲಿಲ್ಲ.

ಹಾಗಾಗಿ ನಾನೊಂದು ಸಂಚು ಹೂಡಿದೆ. ಗೊಂಬೆಗಳಿಗೆ ಹೆಸರಾದ ಊರು. ಪೇಟೆ ಸುತ್ತುವ ನೆಪದಲ್ಲಿ ಅಮ್ಮನನ್ನು ಗೊಂಬೆ ಅಂಗಡಿಗಳ ಮುಂದೆ ನಡೆಸುವುದು. ಯಾವುದಾದರೂ ಜೋಡಿ ಅವರ ಮನಸ್ಸಿಗೆ ಬಂದರೆ ಉಳಿದದ್ದು ತಾನಾಗಿ ಆಗುತ್ತದೆ. ಸಂಚು ಹೂಡುವುದರಲ್ಲಿ ನಾನು ಎಷ್ಟು ಕಚ್ಚಾ ಎಂದರೆ, ಮೊದಲ ಅಂಗಡಿಯ ಎದುರೇ ಅಮ್ಮ, "ನಿನಗೆ ಚಿಕ್ಕಂದಿನಲ್ಲೂ ಗೊಂಬೆ ಹುಚ್ಚಿರಲಿಲ್ಲ, ಈಗೇನು?" ಎಂದು ಕೇಳಿಬಿಟ್ಟರು.

ಆ ದಿನಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡಂತೆ ನೆನಪಾಗುತ್ತವೆ. ಇಬ್ಬರಿಗೂ ನಿದ್ದೆಯ ಲೆಕ್ಕ ತಪ್ಪಿತ್ತು. ಸೆಪ್ಟೆಂಬರಿನ ಬಿಸಿಲು ಜೇನಿನಂತೆ ನಿಧಾನವಾಗಿ ಕೆಂಪು ಕಲ್ಲಿನ ಗೋಡೆಗಳ ಮೇಲೆ ಇಳಿಯುತ್ತಿತ್ತು. ಬೆಟ್ಟದ ಮೇಲಿನ ಕೋಟೆಗೆ ಅಮ್ಮ ಸೀರೆಯ ನೆರಿಗೆ ಹಿಡಿದು, ಕೆಳಗೆ ಬೂಟು ಹಾಕಿಕೊಂಡು ಹತ್ತಿದರು. ಮೇಲಿನಿಂದ ನೋಡಿದರೆ ಕಡಿದಾದ ಕೆಂಪು ಹೆಂಚಿನ ಮಾಡುಗಳು ಒಂದರ ಕೆಳಗೊಂದು, ಒಂದರ ಕೆಳಗೊಂದು, ನದಿಯವರೆಗೂ. ಯಾರೋ ಬಹಳ ಪುರಸೊತ್ತಿನಿಂದ ಜೋಡಿಸಿ ಕೈ ಒರೆಸಿಕೊಂಡು ಹೋದಂತಿತ್ತು. ಗಂಟೆ ಎಲ್ಲಿಂದಲೋ ಹೊಡೆಯುತ್ತಿತ್ತು. ಅದು ನಿಂತ ಮೇಲೂ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು.

"ಎಷ್ಟು ಹಳೇ ಊರು" ಎಂದರು ಅಮ್ಮ.

ಯುದ್ಧದಲ್ಲಿ ಇದರ ಹೆಚ್ಚಿನ ಭಾಗ ಬಾಂಬು ಬಿದ್ದು ಪುಡಿಯಾಗಿತ್ತು, ಈಗ ಕಾಣುವುದು ಬಹುಪಾಲು ಮತ್ತೆ ಕಟ್ಟಿದ್ದು ಎಂದು ನಾನು ಓದಿಕೊಂಡದ್ದನ್ನು ಹೇಳಿದೆ. ಹೇಳಬಾರದಿತ್ತೇನೋ. ಅಮ್ಮ ಮೋಸ ಹೋದವರಂತೆ ನನ್ನನ್ನು ನೋಡಿದರು.

"ಹಾಗಾದ್ರೆ ಇದು ಹಳೇದಲ್ಲ."

"ಕೆಲವು ಕಡೆ ಹಳೇ ಕಲ್ಲೇ ಅಂತೆ. ಆರಿಸಿ ತಂದು ಮತ್ತೆ ಇಟ್ಟಿದ್ದಾರೆ."

ಅವರು ಕೋಟೆಯ ಗೋಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಂತೆ.

ಮಧ್ಯಾಹ್ನ ಪೇಟೆಯ ಚೌಕದಲ್ಲಿ ಜನ ಕತ್ತೆತ್ತಿಕೊಂಡು ನಿಂತಿದ್ದರು. ಚರ್ಚಿನ ಗೋಡೆಯ ಮೇಲೊಂದು ಗಡಿಯಾರ. ಹನ್ನೆರಡು ಹೊಡೆದ ಮೇಲೆ ಅದರ ಕೆಳಗಿನ ಬಾಗಿಲಿನಿಂದ ಬಣ್ಣದ ಗೊಂಬೆಗಳು ಒಂದೊಂದೇ ಹೊರಟು, ನಡುವೆ ಕೂತ ಚಕ್ರವರ್ತಿಯನ್ನು ಸುತ್ತಿ ಹೋದವು. ಅಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ಇವರದೂ ದರ್ಬಾರು. ರಾಣಿ ಎಲ್ಲಿ?"

"ಕಾಣಲ್ಲ."

"ಒಬ್ಬನೇ ಕೂತಿದ್ದಾನಲ್ಲೇ, ಪಾಪ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಆದ್ರೂ ಠೀವಿಗೇನೂ ಕಮ್ಮಿಯಿಲ್ಲ" ಎಂದರು.

ಅಲ್ಲಿಂದ ಅಂಗಡಿಗಳು. ಅಮ್ಮನನ್ನು ಕರೆದುಕೊಂಡು ಪೇಟೆ ಮಾಡುವುದೆಂದರೆ ಇನ್‌ಸ್ಪೆಕ್ಟರರ ಜೊತೆ ಶಾಲೆ ಸುತ್ತಿದಂತೆ. ಊರಿನ ಹೆಸರುವಾಸಿ ಜೇನಿನ ಬಿಸ್ಕತ್ತಿನ ಅಂಗಡಿಯಲ್ಲಿ ಮೂರು ಸಲ ಮೊಟ್ಟೆಯ ವಿಚಾರಣೆ ನಡೆಯಿತು. ಕೊನೆಗೆ ಡಬ್ಬಿ ಚೆನ್ನಾಗಿದೆ ಎಂದು ಡಬ್ಬಿಯನ್ನಷ್ಟೇ ಕೊಂಡೆವು. ಅಡಿಕೆಕಾಯಿಯಂಥ ಕಾಯಿಗಳನ್ನು ಬಾಯಲ್ಲಿ ಒಡೆಯುವ ಮರದ ಸಿಪಾಯಿಯನ್ನು ನೋಡಿ, "ಇವನಿಗೇನು ಹಲ್ಲುನೋವಾ?" ಎಂದರು. ಒಳಗೆ ಧೂಪವಿಟ್ಟರೆ ಬಾಯಿಂದ ಹೊಗೆ ಬಿಡುವ ಮುದುಕನೊಬ್ಬನಿದ್ದ. "ದೇವರ ಮುಂದೆ ಬೀಡಿ ಸೇದೋನನ್ನ ಕೂರಿಸ್ತಾರಾ ಯಾರಾದ್ರೂ?"

ಯಾರೂ ಕೂರಿಸುವ ಮಾತೆತ್ತಿರಲಿಲ್ಲ. ಅವರೇ ಎತ್ತಿದ್ದರು. ನಾನು ಸಿಪಾಯಿಯ ಹಲ್ಲುಗಳನ್ನು ಎಣಿಸತೊಡಗಿದೆ.

ಸಂಜೆಯ ಹೊತ್ತಿಗೆ ಕಾಲು ಸೋತು ಅಮ್ಮ ಸೇತುವೆಯ ಬಳಿಯ ಬೆಂಚಿನ ಮೇಲೆ ಕೂತರು. ನೀರು ತರುತ್ತೇನೆಂದು ಹೊರಟವಳು ಮೂಲೆಯ ಅಂಗಡಿಯ ಗಾಜಿನೊಳಗೆ ಇವರಿಬ್ಬರನ್ನು ನೋಡಿದೆ. ಪುಟ್ಟ ಮನೆ, ಎರಡು ಬಾಗಿಲು. ಮೋಡ ಕವಿಯುತ್ತಿದ್ದರೂ ಮಳೆಯಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅವರವರ ಹೊಸ್ತಿಲ ಮೇಲೆ ಅರ್ಧರ್ಧ ನಿಂತಿದ್ದರು. ಇನ್ನೇನು ಹೊರಗೆ ಬಂದು ಮೇಲಿನ ಮೆಟ್ಟಿಲಿನಲ್ಲಿ ಅಕ್ಕಪಕ್ಕ ನಿಲ್ಲುತ್ತಾರೆ ಎನ್ನುವಂತೆ. ಇವರೇ ರಾಜ ರಾಣಿ ಎಂದುಕೊಂಡೆ. ಒಂದು ಪೆನ್ನು ಕೊಳ್ಳಲು ಒಂದು ವಾರ ಯೋಚಿಸುವ ನಾನು ಏನೂ ಕೇಳದೆ ಕೊಂಡು ಬಂದುಬಿಟ್ಟೆ. ನೀರನ್ನು ಮರೆತೆ.

ಬೆಂಚಿನ ಮೇಲೆ ಅಮ್ಮನ ತೊಡೆಯ ಮೇಲಿಟ್ಟೆ. "ಇವರನ್ನ ಕೂರಿಸಬಹುದಾ?" ಎಂದೆ. ಸಂಚು ಅಲ್ಲಿಗೆ ಮುಗಿಯಿತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇವನು ಸ್ವಲ್ಪ ಒಳಗಿದ್ದಾನೆ, ಹೊರಗೆ ಎಳಿ."

ಬೆರಳ ತುದಿಯಿಂದ ಅವನನ್ನು ಎಳೆದೆ. ಅವಳು ಒಳಗೆ ಹೋದಳು. ಅವಳನ್ನು ಎಳೆದೆ, ಅವನು ಹೋದ. ಅಮ್ಮ ಅವನನ್ನು ಹಿಡಿದುಕೊಂಡರು, ನಾನು ಅವಳನ್ನು ಹಿಡಿದುಕೊಂಡೆ. ಮನೆಯೇ ಒಂದು ಕಡೆಗೆ ವಾಲಿತು. ಸೇತುವೆಯ ಮೇಲೆ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

"ಕೆಟ್ಟುಹೋಗಿರೋದನ್ನ ಕೊಟ್ಟಿದ್ದಾರೆ ನಿನಗೆ. ನಡಿ, ವಾಪಸ್ ಕೊಡೋಣ" ಎಂದು ಅಮ್ಮ ಎದ್ದರು. ಸೋತ ಕಾಲು ಎಲ್ಲಿ ಹೋಯಿತೋ.

ಅಂಗಡಿಯ ಹೆಂಗಸು ದಪ್ಪ ಕನ್ನಡಕದವಳು, ಇಂಗ್ಲಿಷ್ ಬಲ್ಲವಳು. ಗಂಡ ಹೆಂಡತಿ ಒಟ್ಟಿಗೆ ಹೊರಗೆ ಬರುತ್ತಿಲ್ಲ ಎಂದು ನಾನು ದೂರು ಕೊಟ್ಟೆ. ಬಹುಶಃ ಅವಳ ಅಂಗಡಿಗೆ ಅಂಥ ದೂರು ಬಂದದ್ದು ಅದೇ ಮೊದಲು. ಮನೆಯನ್ನು ಕೈಗೆತ್ತಿಕೊಂಡು ತಿರುಗಿಸಿ, ಇಬ್ಬರೂ ಒಂದೇ ಅಡ್ಡಪಟ್ಟಿಯ ಎರಡು ತುದಿಗಳಲ್ಲಿ ನಿಂತಿರುವುದನ್ನು ತೋರಿಸಿದಳು. ಪಟ್ಟಿಯ ನಡುವೆ ಹುರಿ ಮಾಡಿದ ದಾರ. ಗಾಳಿಯ ತೇವಕ್ಕೆ ಅದು ತಿರುಗುತ್ತದೆ. ಮಳೆಗೆ ಗಂಡಸು, ಬಿಸಿಲಿಗೆ ಹೆಂಗಸು. ಇಬ್ಬರೂ ಒಟ್ಟಿಗೆ ಹೊರಗೆ ಬಂದರೆ ಆಗ ಕೆಟ್ಟಿದೆ ಎಂದರ್ಥ, ಆಗ ತಂದುಕೊಡಿ ಎಂದಳು. ದಾರ ಕುರಿಯ ಕರುಳಿನದು ಎಂದೂ ಹೇಳಿದಳು. ಅಮ್ಮನಿಗೆ ಕನ್ನಡದಲ್ಲಿ ವಿವರಿಸುವಾಗ ನಾನು ಅದನ್ನು 'ಒಂಥರಾ ದಾರ' ಎಂದೆ.

ನನಗೆ ನಾಚಿಕೆಯಾಗಿತ್ತು. ಎಲ್ಲ ಬಿಟ್ಟು, ಅಪ್ಪನಿಲ್ಲದ ಅಮ್ಮನಿಗೆ, ಎಂದೂ ಒಟ್ಟಿಗೆ ನಿಲ್ಲದ ಜೋಡಿಯನ್ನು ಹುಡುಕಿ ತಂದುಕೊಟ್ಟಿದ್ದೆ. ಬೇರೆ ಏನಾದರೂ ತೆಗೆದುಕೊಳ್ಳಿ ಎಂದು ಆಕೆ ಕಪಾಟಿನತ್ತ ಕೈ ಮಾಡಿದಳು. ನಾನು ಮನೆಯನ್ನು ಅವಳತ್ತ ಸರಿಸುತ್ತಿದ್ದಾಗ ಪಕ್ಕದಲ್ಲಿ ಏನೋ ಸದ್ದಾಯಿತು. ಅಮ್ಮ ನಗುತ್ತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕುವಂತೆ.

"ನಮ್ಮನೆ ಥರಾನೇ ಕಣೇ" ಎಂದರು. "ನಿಮ್ಮಪ್ಪ ನೈಟ್ ಡ್ಯೂಟಿ ಮುಗಿಸಿ ಗೇಟಿನೊಳಗೆ ಬರೋದು, ನಾನು ಸ್ಕೂಲಿಗೆ ಗೇಟಿಂದ ಆಚೆ ಹೋಗೋದು."

ಅಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಗೇಟಿನ ಬಳಿ ಅವರಿಬ್ಬರ ನಡುವೆ ಬೀಗದ ಕೈ ಬದಲಾಗುವುದನ್ನು ನಾನು ಸ್ಕೂಲ್ ಬ್ಯಾಗ್ ಹೊತ್ತುಕೊಂಡು ನೋಡುತ್ತಿದ್ದೆ. ಹುಳಿ ಕಟ್ಟೆಯ ಮೇಲಿದೆ, ಹಾಲಿನವನಿಗೆ ಹೇಳಿ, ಇವಳಿಗೆ ಕೆಮ್ಮು. ಅಷ್ಟೇ ಮಾತು. ಪಕ್ಕದ ಮನೆಯವರಂತೆ ಜೋಡಿಯಾಗಿ ಸ್ಕೂಟರಿನಲ್ಲಿ ಸಿನಿಮಾಕ್ಕೆ ಹೋಗದ ಅಪ್ಪ ಅಮ್ಮನ ಬಗ್ಗೆ ನನಗೆ ಆಗ ಬೇಸರವಿತ್ತು. ಅಪ್ಪ ಹಗಲಿಡೀ ಮಲಗಿರುತ್ತಿದ್ದ ಮನೆಯಲ್ಲಿ ರಜೆಯ ದಿನ ನಾವು ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದೆವು. ನಾನು ಇಷ್ಟು ಮೆತ್ತಗೆ ಮಾತಾಡುವುದು ಸ್ವಭಾವವೋ, ಆ ಅಭ್ಯಾಸವೋ, ತಿಳಿಯದು.

"ವಾಪಸ್ ಕೊಡಬೇಡ" ಎಂದು ಅಮ್ಮ ಮನೆಯನ್ನು ತಾವೇ ಕಾಗದದಲ್ಲಿ ಸುತ್ತತೊಡಗಿದರು. "ಒಬ್ಬರು ಹೊರಗೆ ನಿಂತಿದ್ದಾರೆ ಅಂದ್ರೆ ಇನ್ನೊಬ್ಬರು ಮನೇಲೇ ಇದ್ದಾರೆ ಅಂತ ತಾನೇ?"

ಇಷ್ಟು ಹೇಳಿ, ಕಾಗದದ ತುದಿ ಹಿಡಿ ಎಂದು ನನ್ನನ್ನು ಗದರಿದರು.

ಹೊರಗೆ ಬಂದು ಮತ್ತೆ ಅದೇ ಬೆಂಚಿನ ಮೇಲೆ ಕೂತೆವು. ಸೇತುವೆಯ ದೀಪಗಳು ಹೊತ್ತಿಕೊಂಡಿದ್ದವು. ನದಿಯಲ್ಲಿ ಮರದಪಟ್ಟಿಯ ಹಳೆಯ ಮನೆಯೊಂದು ತಲೆಕೆಳಗಾಗಿ ನಿಂತು, ಬಾತುಕೋಳಿ ಹೋದಾಗಲೆಲ್ಲ ಕಲಕಿ, ತಾನೇ ಮತ್ತೆ ಕೂಡಿಕೊಳ್ಳುತ್ತಿತ್ತು. ನಾನು ಅದನ್ನೇ ನೋಡುತ್ತಾ ಎಲ್ಲಿದ್ದೇನೆಂಬುದನ್ನು ಮರೆತಿದ್ದೆ. ಹೋದ ವರ್ಷಗಳೂ ಬರುವ ದಸರೆಯೂ ನೀರಿನಲ್ಲಿ ಒಂದೇ ಬಣ್ಣವಾಗಿದ್ದವು.

"ಕರುಳು ಅಂದಳಲ್ಲ ಅವಳು" ಎಂದರು ಅಮ್ಮ ಇದ್ದಕ್ಕಿದ್ದಂತೆ. "ನಂಗೂ ಇಂಗ್ಲಿಷ್ ಬರತ್ತೆ. ದಾರವಂತೆ ದಾರ."

ನಾನು ಸಿಕ್ಕಿಬಿದ್ದೆ. "ದೇವರ ಹತ್ರ ಇಡೋದು ಬೇಡ ಅಂತೀಯೇನೋ ಅಂತ..."

"ಯಾಕೆ, ಮೃದಂಗದ ಚರ್ಮ ಗರ್ಭಗುಡಿ ಮುಂದೆ ಹೋಗಲ್ವಾ? ಬೇಡ ಅನ್ನೋರು ಎಲ್ಲದಕ್ಕೂ ಬೇಡ ಅಂತಾರೆ." ಆಮೇಲೆ ನನ್ನತ್ತ ನೋಡದೆ ಕೇಳಿದರು. "ಮೆಟ್ಟಿಲು ಮೂರಾ, ಐದಾ?"

ಹಕ್ಕಿ ಕಿಟಕಿಯ ಮೇಲೆ ಬಂದು ಕೂತಾಗ ಅಲುಗಾಡದೆ ಇರುತ್ತೇವಲ್ಲ, ಹಾಗೆ ಕೂತೆ. "ನಿನ್ನಿಷ್ಟ."

"ಮೂರು ಸಾಕು." ಮತ್ತೆ, "ಅಲ್ಲ, ಐದೇ ಇರ್ಲಿ. ಅಷ್ಟು ದೊಡ್ಡ ಗೋಡೆ ಬಿಟ್ಟಿದ್ದೀಯ." ವಿಡಿಯೋ ಕಾಲ್‌ನಲ್ಲಿ ಅವರು ಗೋಡೆಯನ್ನು ನೋಡಿದ್ದರು. ಎಂದೂ ಏನೂ ಕೇಳಿರಲಿಲ್ಲ. "ಬಿಳಿ ಬಟ್ಟೆ ಬೇಕು. ನಿನ್ನ ಹತ್ರ ಇರೋದೆಲ್ಲ ಬೂದು ಬಣ್ಣದ ಬೆಡ್‌ಶೀಟು."

"ಜನಾನ ಕರೀಬಹುದಾ?"

"ಕರೀದೆ? ಗೊಂಬೆ ಗೊಂಬೇನೇ ನೋಡ್ಕೊಂಡು ಕೂತಿರುತ್ತಾ?"

ಕೊನೆಯದನ್ನು ಕೇಳಲು ನನಗೆ ಹೆದರಿಕೆಯಿತ್ತು. ಆದರೆ ಅದನ್ನು ಕೇಳದೆ ಉಳಿದದ್ದಕ್ಕೆಲ್ಲ ಅರ್ಥವಿರಲಿಲ್ಲ. "ಆರತಿ?"

ನದಿಯ ಮನೆ ಕಲಕಿತು, ಕೂಡಿಕೊಂಡಿತು. ಅಮ್ಮ ಕಾಗದದ ಪೊಟ್ಟಣವನ್ನು ಮಡಿಲಿನಲ್ಲಿ ಸರಿಮಾಡಿಕೊಂಡರು.

"ಹಾಡು ಬರೋದು ನಂಗೆ ತಾನೇ" ಎಂದರು. "ನಿಂಗೆ ಎರಡನೇ ಸಾಲೇ ಗೊತ್ತಿಲ್ಲ. ನೀನು ತಟ್ಟೆಯ ಆ ಕಡೆ ಹಿಡ್ಕೋ, ಸಾಕು."

ಮರುದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು, ಹೋಟೆಲಿನ ಹಿಂದಿನ ಬೀದಿಯ ಬಟ್ಟೆ ಅಂಗಡಿ ಬಾಗಿಲು ತೆರೆಯುವುದನ್ನೇ ಕಾದು ನಿಂತೆ. ಬಿಳಿಯ ಹತ್ತಿಬಟ್ಟೆ ಕೇಳಿದೆ. ಮೇಜು ಎಷ್ಟು ಉದ್ದವಿದೆ ಎಂದು ಅಂಗಡಿಯವನು ವಿಚಾರಿಸಿದ. ಮೇಜಿಗಲ್ಲ, ಮೆಟ್ಟಿಲಿಗೆ ಎಂದೆ. ಮೆಟ್ಟಿಲಿಗೆ ಬಿಳಿ ಬಟ್ಟೆಯೇ, ಒಂದೇ ದಿನಕ್ಕೆ ಕೊಳೆಯಾಗುತ್ತದೆ ಎಂದು ಅವನು ಕಂದು ಬಣ್ಣದ ದಪ್ಪ ಬಟ್ಟೆಯನ್ನು ತೋರಿಸಿದ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ, ಬಂದವರೆಲ್ಲ ಎದುರಿಗೆ ಕೂರುತ್ತಾರೆ, ನಮ್ಮಮ್ಮ ಹಾಡುತ್ತಾರೆ ಎಂದೆ. ಗುರುತಿಲ್ಲದವರೊಂದಿಗೆ ನಾನು ಅಷ್ಟು ಮಾತಾಡಿದ್ದು ಎಂದೂ ಇಲ್ಲ. ಅವನು ತಲೆಯಾಡಿಸಿ ಕತ್ತರಿ ತೆಗೆದುಕೊಂಡ. ಐದು ಮೆಟ್ಟಿಲಿಗೆ, ಎರಡೂ ಬದಿಗೆ ಧಾರಾಳವಾಗಿ ಇಳಿಬೀಳುವಷ್ಟು, ಬಟ್ಟೆ ಕತ್ತರಿಸಿಕೊಂಡು ಬಂದೆ.